ಮಿಯಾಟಾಗೆ ರೇಸ್ ಕಾರಿಂದ ಬಿಚ್ಚಿದ ಸಸ್ಪೆನ್ಷನ್: ಯಾವುದನ್ನ ತಗೊಳ್ಳೋದು, ಯಾವುದನ್ನ ಬಿಡೋದು?

ಮೂರನೇ_ಗೇರ್ (ಶಾರ್ಲೆಟ್, ನಾರ್ತ್ ಕ್ಯಾರೊಲಿನಾ)

ಎಲ್ಲರಿಗೂ ನಮಸ್ಕಾರ. ನನ್ನ ಹತ್ರ 1995ರ ಮಾಜ್ದಾ ಮಿಯಾಟಾ ಇದೆ. ಎನ್‌ಎ (ಮೊದಲ ತಲೆಮಾರು) ಮಾಡೆಲ್, 1.8 ಇಂಜಿನ್. ಇಂಜಿನ್ ಚೆನ್ನಾಗಿದೆ, ಬಾಡಿ ಚೆನ್ನಾಗಿದೆ, ಸಸ್ಪೆನ್ಷನ್ ಮಾತ್ರ ಪೂರ್ತಿ ಸುಸ್ತಾಗಿದೆ. ಶಾಕ್‌ಗಳು (ಸ್ಪ್ರಿಂಗ್ ಕುಣಿಯೋದನ್ನ ತಡೆಯೋ ಡ್ಯಾಂಪರ್‌ಗಳು) ಕಾರ್ಖಾನೆಯವೇ ಇರಬೇಕು. ಒಂದು ಉಬ್ಬು ದಾಟಿದ್ರೆ ಹಿಂದಿನ ಭಾಗ ಎರಡು ಮೂರು ಸಲ ಕುಣಿದ ಮೇಲೇ ಸುಮ್ಮನಾಗೋದು.

ಇಲ್ಲಿ ಒಂದು ರೇಸ್ ತಂಡದವರು ತಮ್ಮ ಸ್ಪೆಕ್ ಮಿಯಾಟಾ ಕಾರಿಂದ ಬಿಚ್ಚಿದ ಸಾಮಾನೆಲ್ಲ ಒಟ್ಟಿಗೆ ಮಾರ್ತಾ ಇದ್ದಾರೆ. ಗೊತ್ತಿಲ್ಲದವರಿಗೆ ಹೇಳ್ತೀನಿ: ಸ್ಪೆಕ್ ಮಿಯಾಟಾ ಅಂದ್ರೆ ಅಮೆರಿಕದ ಕ್ಲಬ್ ರೇಸಿಂಗ್‌ನಲ್ಲಿ ತುಂಬಾ ಜನ ಓಡಿಸೋ ಒಂದು ವರ್ಗ. ಮೊದಲೆರಡು ತಲೆಮಾರಿನ ಮಿಯಾಟಾಗಳು, ಎಲ್ಲರಿಗೂ ಒಂದೇ ಶಾಕ್, ಒಂದೇ ಸ್ಪ್ರಿಂಗ್, ಒಂದೇ ಸ್ವೇ ಬಾರ್ (ತಿರುವಿನಲ್ಲಿ ಕಾರು ವಾಲೋದನ್ನ ತಡೆಯೋ ಕಂಬಿ). ಮೊದಲು ಶಾಕ್ ಬಿಲ್‌ಸ್ಟೈನ್ ಆಗಿತ್ತು, ಆಮೇಲೆ ನಿಯಮ ಬದಲಾಗಿ ಪೆನ್ಸ್ಕೆ ಬಂತು. ಹಾಗಾಗಿ ಹಳೇ ಬಿಲ್‌ಸ್ಟೈನ್‌ಗಳು ಎಷ್ಟೋ ಗ್ಯಾರೇಜ್‌ಗಳ ಮೂಲೆಯಲ್ಲಿ ಸುಮ್ಮನೆ ಬಿದ್ದಿವೆ.

ಅವರು ಕೊಡ್ತಾ ಇರೋದು: ನಾಲ್ಕು ಬಿಲ್‌ಸ್ಟೈನ್ ಶಾಕ್, ಎತ್ತರ ಹೊಂದಿಸೋ ಕಾಲರ್ ಸಮೇತ ನಾಲ್ಕು ಐಬಾಕ್ ಸ್ಪ್ರಿಂಗ್ (ಮುಂದೆ 700, ಹಿಂದೆ 325 ಪೌಂಡ್/ಇಂಚು), ಎರಡು ಸ್ವೇ ಬಾರ್, ಎನ್‌ಬಿ (ಎರಡನೇ ತಲೆಮಾರು) ಮಾಡೆಲಿನ ಟಾಪ್ ಮೌಂಟ್‌ಗಳು (ಶಾಕಿನ ಮೇಲ್ತುದಿಯನ್ನ ಬಾಡಿಗೆ ಹಿಡಿಯೋ ಭಾಗ), ಒಂದು ಜೊತೆ ಮುಂದಿನ ಹಬ್ (ಚಕ್ರ ಕೂರೋ ಭಾಗ), ಒಂದು ಸೆಟ್ ಕಂಟ್ರೋಲ್ ಆರ್ಮ್ (ಚಕ್ರವನ್ನ ಬಾಡಿಗೆ ಸೇರಿಸೋ ತೋಳು). ಎಲ್ಲಾ ಸೇರಿ ಕೇಳ್ತಾ ಇರೋ ಬೆಲೆ, ಒಂದು ಹೊಸ ಒಳ್ಳೆ ಕಾಯಿಲೋವರ್ (ಶಾಕ್, ಸ್ಪ್ರಿಂಗ್ ಜೋಡಿಸಿಯೇ ಬರೋದು) ಸೆಟ್ಟಿನ ಅರ್ಧಕ್ಕಿಂತ ಕಡಿಮೆ.

ಕಾರಿನ ಬಳಕೆ ಹೀಗೆ: ವಾರಾಂತ್ಯಕ್ಕೆ ಬ್ಲೂ ರಿಡ್ಜ್ ಕಡೆ ಬೆಟ್ಟದ ರಸ್ತೆ, ವರ್ಷದಲ್ಲಿ ಕೆಲವು ಸಲ ವಿಐಆರ್ (ವರ್ಜೀನಿಯಾ ಇಂಟರ್‌ನ್ಯಾಷನಲ್ ರೇಸ್‌ವೇ) ಅಥವಾ ಕ್ಯಾರೊಲಿನಾ ಮೋಟರ್‌ಸ್ಪೋರ್ಟ್ಸ್ ಪಾರ್ಕ್‌ನಲ್ಲಿ ಟ್ರ್ಯಾಕ್ ಡೇ. ರೇಸ್ ಮಾಡೋದಿಲ್ಲ. ಪಕ್ಕದಲ್ಲಿ ಹೆಂಡತಿಯೂ ಕೂರ್ತಾಳೆ. ಇಡೀ ಗಂಟನ್ನ ತಗೊಂಡು ಹಾಗೇ ಹಾಕಿಬಿಡಬಹುದಾ?

---

ಧಾರವಾಡ_ಡಿಫ್ (ಮಿಷಿಗನ್)

ನೋಡ್ರಿ, ಗಂಟು ಬಿಚ್ಚಿ ಒಂದೊಂದ ತೆಗದು ನೋಡೋಣ. ಸ್ಪ್ರಿಂಗ್ ಹಳೇದಾಗೋ ರೀತಿ ಬ್ಯಾರೆ, ಶಾಕ್ ಹಳೇದಾಗೋ ರೀತಿ ಬ್ಯಾರೆ, ಹಬ್ ಹಳೇದಾಗೋ ರೀತಿ ಇನ್ನೂ ಬ್ಯಾರೆ.

ಸ್ಪ್ರಿಂಗ್: ಧೈರ್ಯಾಗಿ ತೊಗೊಳ್ರಿ. ಐಬಾಕ್, ಹೈಪರ್ಕೊ ಅಂಥಾ ಒಳ್ಳೆ ರೇಸ್ ಸ್ಪ್ರಿಂಗ್ ವರ್ಷಗಟ್ಟಲೆ ಓಡಿದ್ರೂ ರೇಟ್ (ಒಂದ ಇಂಚು ಒತ್ತಾಕ ಬೇಕಾಗೋ ಬಲ) ಬಿಟ್ಟುಕೊಡೂದಿಲ್ಲ. ಮೈ ಮ್ಯಾಲೆ ನಂಬರ್ ಇರ್ತದ. ಐಬಾಕ್ ಆದ್ರ 0700.250.0700 ಅಂತ ಇದ್ರ 7 ಇಂಚು ಉದ್ದ, ಒಳವ್ಯಾಸ 2.5 ಇಂಚು, ರೇಟ್ 700. ಉದ್ದ ಅಳದು ನೋಡ್ರಿ, ಎಡಕ್ಕೂ ಬಲಕ್ಕೂ ಫರಕ್ ಇರಬಾರದು. ಬಣ್ಣ ಕಿತ್ತಲ್ಲೆ ತುಕ್ಕು ಹಿಡದು ಕುಳಿ ಬಿದ್ದಿದ್ರ ಅದನ್ನ ಬಿಡ್ರಿ, ಬಿರುಕು ಶುರು ಆಗೂದ ಅಲ್ಲೆ.

ಶಾಕ್: ತೊಗೊಳ್ರಿ, ಆದ್ರ ಅದರ ದೇಹಕ್ಕ ರೊಕ್ಕ ಕೊಡ್ರಿ, ಒಳಗಿನ ಎಣ್ಣಿ ಸೀಲಿಗೆ ಅಲ್ಲ. ಬಿಲ್‌ಸ್ಟೈನ್ ಮೋನೋಟ್ಯೂಬ್ (ಒಂದ ಕೊಳವಿ) ಶಾಕ್, ಒಳಗ ನೈಟ್ರೋಜನ್ ತುಂಬಿರ್ತದ. ಶಾಫ್ಟ್ ಒಳಗ ಒತ್ತಿ ಕೈ ಬಿಡ್ರಿ. ತನ್ನಷ್ಟಕ್ಕ ತಾನ ಒಂದ ಹದಕ್ಕ ಹೊರಗ ಬರಬೇಕು. ಬರಲಿಲ್ಲ ಅಂದ್ರ ಗ್ಯಾಸ್ ಹೋಗೇದ. ಶಾಫ್ಟಿನ ಕ್ರೋಮ್ ಮ್ಯಾಲೆ ಉಗುರು ಆಡಿಸ್ರಿ. ಉಗುರಿಗೆ ಗೀರು ತಾಕಿದ್ರ ಹೊಸ ಸೀಲ್ ಹಾಕಿದ್ರೂ ಬಾಳಂಗಿಲ್ಲ. ಬಿಳಿ ಕಾಗದದ ಎದುರ ಹಿಡದು ತಿರುಗಿಸಿ ಶಾಫ್ಟ್ ಬಾಗೇದೇನು ನೋಡ್ರಿ. ಮತ್ತ ದಯಮಾಡಿ ಮನ್ಯಾಗ ಬಿಚ್ಚಾಕ ಹೋಗಬ್ಯಾಡ್ರಿ, ಒಳಗಿನ ಒತ್ತಡ ಭಾಳ ಇರ್ತದ, ಕಣ್ಣು ಕೈ ಹೋಗ್ತಾವ.

ಹಬ್: ಮುಟ್ಟಬ್ಯಾಡ್ರಿ. ಪುಕ್ಕಟ ಕೊಟ್ರೂ ಬ್ಯಾಡ. ಮಿಯಾಟಾದ ಮುಂದಿನ ಹಬ್ ಮತ್ತ ಬೇರಿಂಗ್ ಒಂದ ತುಂಡು. ಅಂಟು ಟೈರ್ ಹಾಕಿ, ಕರ್ಬ್ ಹತ್ತಿಸಿ ಓಡಿಸಿದ ಹಬ್ ಒಳಗ ಎಷ್ಟು ದಣದದ ಅಂತ ಹೊರಗಿಂದ ಯಾರಿಗೂ ಕಾಣಂಗಿಲ್ಲ. ಅದ ಮುರದ್ರ ಗಾಲಿನ ಹೊಂಟು ಹೋಗ್ತದ. ರೇಸ್ ಮಂದಿ ಅದಕ್ಕ ಅದನ್ನ ಟೈರ್, ಬ್ರೇಕ್ ಪ್ಯಾಡ್ ಲೆಕ್ಕದಾಗ ಇಟ್ಟು ಆಗಾಗ ಬದಲಿಸ್ತಾರ. ಅವರು ಬದಲಿಸಿ ತೆಗದಿಟ್ಟದ್ದನ್ನ ನೀವು ಹಾಕ್ಕೊಳ್ಳೂದೇನು? ವ್ಹೀಲ್ ಸ್ಟಡ್‌ಗೂ ಇದ ಮಾತು.

ಕಂಟ್ರೋಲ್ ಆರ್ಮ್ ಉಕ್ಕಿನವು. ಗುದ್ದಿದ್ರ ಬಾಗಿರ್ತಾವ, ನಿಮ್ಮ ಹಳೇ ಆರ್ಮ್ ಪಕ್ಕ ಇಟ್ಟು ಹೋಲಿಸಿದ್ರ ಗೊತ್ತಾಗ್ತದ. ನಿಮ್ಮವ ಸೀದಾ ಇದ್ರ ಅವನ್ನ ಇಟ್ಕೊಂಡು ಬುಷ್ (ಕೀಲಿನ ರಬ್ಬರ್) ಬದಲಿಸ್ರಿ.

---

ನೆಕರ್_ತೀರ (ಸ್ಟುಟ್‌ಗಾರ್ಟ್)

ಧಾರವಾಡದವರು ಹೇಳಿದ್ದನ್ನೆಲ್ಲ ಒಪ್ಪುತ್ತೇನೆ. ನನ್ನ ವೃತ್ತಿಯೇ ಡ್ಯಾಂಪರ್ ಆದ್ದರಿಂದ ಇನ್ನೊಂದು ಮುಖ್ಯ ವಿಷಯ ಸೇರಿಸುತ್ತೇನೆ. ಭಾಗ ಚೆನ್ನಾಗಿದೆಯೇ ಎಂಬುದು ಒಂದು ಪ್ರಶ್ನೆ. ಅದು ನಿಮ್ಮ ಕೆಲಸಕ್ಕೆ ಹೊಂದುತ್ತದೆಯೇ ಎಂಬುದು ಬೇರೆಯೇ ಪ್ರಶ್ನೆ. ಹೆಚ್ಚಿನವರು ಮೊದಲನೆಯದನ್ನು ಮಾತ್ರ ಕೇಳಿಕೊಳ್ಳುತ್ತಾರೆ.

ಸ್ವಲ್ಪ ಲೆಕ್ಕ ಮಾಡೋಣ. ಸ್ಪ್ರಿಂಗ್ ಮೇಲೆ ಬರೆದ 700 ಚಕ್ರಕ್ಕೆ ಹಾಗೇ ತಲುಪುವುದಿಲ್ಲ. ಸ್ಪ್ರಿಂಗ್ ಇರುವುದು ವಿಶ್‌ಬೋನಿನ (ಅಂದರೆ ಕಂಟ್ರೋಲ್ ಆರ್ಮಿನ) ನಡುವೆ ಎಲ್ಲೋ. ಚಕ್ರ ಒಂದು ಇಂಚು ಮೇಲೇರಿದರೆ ಸ್ಪ್ರಿಂಗ್ ಒಂದು ಇಂಚಿಗಿಂತ ಕಡಿಮೆ ಕುಗ್ಗುತ್ತದೆ. ಈ ಅನುಪಾತ ಮಿಯಾಟಾದ ಮುಂಭಾಗದಲ್ಲಿ ಸುಮಾರು 0.67, ಹಿಂಭಾಗದಲ್ಲಿ 0.78ರ ಆಸುಪಾಸು. ಚಕ್ರಕ್ಕೆ ಸಿಗುವ ಬಿಗಿ ಎಷ್ಟೆಂದು ತಿಳಿಯಲು ಸ್ಪ್ರಿಂಗ್ ರೇಟನ್ನು ಅನುಪಾತದ ವರ್ಗದಿಂದ ಗುಣಿಸಬೇಕು. ಮುಂದೆ 700 ಗುಣಿಸು 0.449, ಅಂದರೆ 314. ಹಿಂದೆ 325 ಗುಣಿಸು 0.61, ಅಂದರೆ 198.

ಇನ್ನು ಕಂಪನದ ವೇಗ. ಚಾಲಕರ ಸಮೇತ ನಿಮ್ಮ ಕಾರು ಸುಮಾರು 1,080 ಕಿಲೋ ಎಂದಿಟ್ಟುಕೊಳ್ಳಿ. ಚಕ್ರ, ಬ್ರೇಕ್, ಹಬ್ ತೂಕ ಕಳೆದರೆ ಒಂದೊಂದು ಮೂಲೆಯ ಸ್ಪ್ರಿಂಗ್ ಹೊರುವುದು 230 ಕಿಲೋ ಚಿಲ್ಲರೆ. ಈ ಲೆಕ್ಕದಲ್ಲಿ ಮುಂಭಾಗ ಸೆಕೆಂಡಿಗೆ 2.4 ಸಲ, ಹಿಂಭಾಗ 1.95 ಸಲ ಕಂಪಿಸುತ್ತದೆ. ಸಾಮಾನ್ಯ ರಸ್ತೆ ಕಾರು 1ರಿಂದ 1.5 ಹರ್ಟ್ಸ್, ಗಟ್ಟಿ ಸ್ಪೋರ್ಟ್ಸ್ ಕಾರು 2ರ ಹತ್ತಿರ. ಅಂದರೆ 700 ಪಕ್ಕಾ ರೇಸ್ ಸ್ಪ್ರಿಂಗ್, ಕಾರ್ಖಾನೆಯದಕ್ಕಿಂತ ನಾಲ್ಕು ಪಟ್ಟಿಗೂ ಹೆಚ್ಚು ಬಿಗಿ.

ಬಿಗಿ ಒಂದೇ ಆಗಿದ್ದರೆ ಹಲ್ಲು ಕಚ್ಚಿ ಸಹಿಸಬಹುದು. ಇಲ್ಲಿ ಮುಂದಿನ ವೇಗ ಹಿಂದಿನದಕ್ಕಿಂತ ಹೆಚ್ಚಿದೆ, ತೊಂದರೆ ಇರುವುದು ಅಲ್ಲಿ. ಉಬ್ಬು ಮೊದಲು ಮುಂದಿನ ಚಕ್ರಕ್ಕೆ ತಾಗುತ್ತದೆ, ಕ್ಷಣ ಬಿಟ್ಟು ಹಿಂದಿನದಕ್ಕೆ. ತಡವಾಗಿ ಶುರುವಾದ ಹಿಂಭಾಗ ಸ್ವಲ್ಪ ಚುರುಕಾಗಿ ಕಂಪಿಸಿದರೆ ಮಾತ್ರ ಮುಂದಿನದನ್ನು ಹಿಡಿದು, ಕಾರು ಮಟ್ಟಸವಾಗಿ ಸುಮ್ಮನಾಗುತ್ತದೆ. ಜನರಲ್ ಮೋಟರ್ಸ್‌ನ ಮೌರಿಸ್ ಆಲಿ 1930ರ ದಶಕದಲ್ಲೇ ಇದನ್ನು ಪ್ರಯೋಗ ಮಾಡಿ ತೋರಿಸಿದ್ದರು. ಸ್ಪೆಕ್ ಮಿಯಾಟಾ ಜೋಡಿ ಇದಕ್ಕೆ ತದ್ವಿರುದ್ಧ. ನುಣುಪಾದ ಟ್ರ್ಯಾಕಿನಲ್ಲಿ ಯಾರಿಗೂ ಇದು ಕಾಣುವುದಿಲ್ಲ. ನಿಮ್ಮ ಹೆದ್ದಾರಿಯ ಕಾಂಕ್ರೀಟ್ ಜೋಡಣೆಗಳ ಮೇಲೆ ಕಾರು ಮೂಗು ಎತ್ತಿ ಇಳಿಸಿ, ಎತ್ತಿ ಇಳಿಸಿ ಮಾಡುತ್ತಲೇ ಇರುತ್ತದೆ.

ಹಿಂದೆ 325 ಹಾಗೇ ಇರಲಿ. ಮುಂದೆ 700 ತೆಗೆದು 450 ಹಾಕಿ. ಆಗ ಮುಂದೆಯೂ 1.95, ಹಿಂದೆಯೂ 1.95. 2.5 ಇಂಚಿನ ರೇಸ್ ಸ್ಪ್ರಿಂಗ್ ಎಲ್ಲರೂ ಬಳಸುವ ಅಳತೆ, ಒಂದು ಜೊತೆ ಸುಲಭವಾಗಿ ಸಿಗುತ್ತದೆ.

---

ಮೂರನೇ_ಗೇರ್

ಮೇಡಂ, ಇಷ್ಟು ಬಿಡಿಸಿ ಹೇಳಿದ್ದಕ್ಕೆ ತುಂಬಾ ಥ್ಯಾಂಕ್ಸ್. ಎರಡು ಅನುಮಾನ. ಮುಂದೆ ಮೆತ್ತಗೆ ಮಾಡಿದ್ರೆ ತಿರುವಿನಲ್ಲಿ ಹಿಂಭಾಗ ಜಾರೋದು ಜಾಸ್ತಿ ಆಗಲ್ವಾ? 700ಕ್ಕೆ ಅಂತ ಮಾಡಿದ ಶಾಕ್ 450ರ ಜೊತೆ ಸರಿಹೋಗುತ್ತಾ?

ಮತ್ತೆ ಇನ್ನೊಂದು ವಿಷಯ. ಇಲ್ಲಿಂದ ಮೂರೆಸ್‌ವಿಲ್ ಹತ್ರ, ನಾಸ್ಕಾರ್ (ಅಮೆರಿಕದ ದೊಡ್ಡ ಕಾರ್ ರೇಸ್ ಸರಣಿ) ತಂಡಗಳ ಊರು. ಅಲ್ಲಿ ಒಂದು ಅಂಗಡಿಯಲ್ಲಿ ನಾಸ್ಕಾರ್ ಕಾರುಗಳಿಂದ ತೆಗೆದ ಪೆನ್ಸ್ಕೆ ಶಾಕ್‌ಗಳನ್ನ ರಾಶಿ ಹಾಕಿಟ್ಟಿದ್ದಾರೆ. ಹೊಸದರ ಬೆಲೆ ಕೇಳಿದವರಿಗೆ ಅಲ್ಲಿನ ಬೆಲೆ ನಂಬೋಕೇ ಆಗಲ್ಲ. ಬಿಲ್‌ಸ್ಟೈನ್ ಬಿಟ್ಟು ಅವನ್ನೇ ಹಾಕಿದ್ರೆ?

---

ನೆಕರ್_ತೀರ

ಎರಡೂ ಸರಿಯಾದ ಅನುಮಾನ. ಮುಂದೆ ಮೆತ್ತಗಾದಷ್ಟೂ ಹಿಂದಿನ ಟೈರ್ ಮೇಲೆ ಹೊರೆ ಹೆಚ್ಚಿ, ಕಾರು ಹಿಂಭಾಗ ಬಿಡುವ ಕಡೆಗೆ ವಾಲುತ್ತದೆ. ಅದನ್ನು ಸ್ವೇ ಬಾರಿನಲ್ಲಿ ಸರಿದೂಗಿಸಬಹುದು. ಆ ಗಂಟಿನಲ್ಲಿರುವ ಮುಂದಿನ ಬಾರ್ ಕಾರ್ಖಾನೆಯದಕ್ಕಿಂತ ದಪ್ಪ, ಅದನ್ನು ಹಾಕಿ. ಹಿಂದಿನದನ್ನು ಅತಿ ಮೆತ್ತನೆಯ ತೂತಿಗೆ ಕಟ್ಟಿ ಶುರು ಮಾಡಿ. ಸ್ವೇ ಬಾರ್ ತಿರುವಿನಲ್ಲಿ ಕೆಲಸ ಮಾಡುತ್ತದೆ, ಎರಡೂ ಚಕ್ರ ಒಟ್ಟಿಗೆ ಏರುವ ಉಬ್ಬಿನಲ್ಲಿ ಸುಮ್ಮನಿರುತ್ತದೆ. ಹಾಗಾಗಿ ಸವಾರಿ ಹಾಳಾಗುವುದಿಲ್ಲ.

ಶಾಕಿನ ವಿಷಯ: ಡ್ಯಾಂಪಿಂಗ್ ಅನುಪಾತ (ಶಾಕ್ ಕಂಪನವನ್ನು ಎಷ್ಟು ಬೇಗ ಅಡಗಿಸುತ್ತದೆ ಎಂಬ ಅಳತೆ) ಸ್ಪ್ರಿಂಗ್ ಬಿಗಿಯ ವರ್ಗಮೂಲಕ್ಕೆ ವಿಲೋಮವಾಗಿ ಬದಲಾಗುತ್ತದೆ. 700ರ ಜೊತೆ ಅನುಪಾತ 0.65 ಇತ್ತು ಎಂದುಕೊಳ್ಳಿ. ಅದೇ ಶಾಕ್ 450ರ ಜೊತೆ 0.81 ಆಗುತ್ತದೆ. ಓಡಿಸಬಹುದು, ಆದರೆ ರಿಬೌಂಡ್ (ಶಾಕ್ ಮತ್ತೆ ಹಿಗ್ಗುವ ಚಲನೆ) ಬಿಗಿಯಾಗಿ ಚಕ್ರ ಕೆಳಗಿಳಿಯಲು ತಡಮಾಡುತ್ತದೆ. ಸಾಲಾಗಿ ಉಬ್ಬು ಬಂದರೆ ಒಂದೊಂದಕ್ಕೂ ಸ್ವಲ್ಪ ಸ್ವಲ್ಪ ಕುಗ್ಗುತ್ತಾ ಹೋಗಿ ಕೊನೆಗೆ ಬಂಪ್ ಸ್ಟಾಪ್ (ಶಾಕಿನ ಪ್ರಯಾಣದ ಕೊನೆಯ ತಡೆ) ಮೇಲೆ ಕೂರುತ್ತದೆ. ಹೇಗೂ ಸೀಲ್ ಬದಲಿಸಲು ಬಿಚ್ಚಿಸುತ್ತೀರಿ, ಅದೇ ಹೊತ್ತಿಗೆ ಮುಂದಿನ ಎರಡಕ್ಕೆ ಒಳಗೆ ಎಣ್ಣೆಯ ಹರಿವು ತಡೆಯುವ ತೆಳು ಬಿಲ್ಲೆಗಳಾದ ಶಿಮ್‌ಗಳನ್ನು 450ಕ್ಕೆ ತಕ್ಕಂತೆ ಜೋಡಿಸಿಕೊಡಲು ಹೇಳಿ. ನೀವು ರೇಸ್ ಮಾಡುವುದಿಲ್ಲವಾದ್ದರಿಂದ ಒಳಗೆ ಮುಟ್ಟಬಾರದೆಂಬ ನಿಯಮ ನಿಮಗಿಲ್ಲ.

---

ಧಾರವಾಡ_ಡಿಫ್

ನಾಸ್ಕಾರ್ ಶಾಕ್ ಬಗ್ಗೆ ನಾ ಹೇಳ್ತೀನಿ. ಆ ಪೆನ್ಸ್ಕೆಗಳು ಭಾಳ ಛಂದ ಮಾಡಿದ ವಸ್ತು, ಅದರಾಗ ಎರಡು ಮಾತಿಲ್ಲ. ಎಲ್ಲಾ ಭಾಗ ಬಿಚ್ಚಿ ಕೂಡಿಸಬಹುದು, ಗ್ಯಾಸ್ ಮತ್ತ ತುಂಬಬಹುದು, ಪಿಸ್ಟನ್, ಶಿಮ್, ಶಾಫ್ಟ್ ಎಲ್ಲಾ ಬಿಡಿಯಾಗಿ ಸಿಗ್ತಾವ. ಅಷ್ಟು ರಾಶಿ ಯಾಕ ಬಿದ್ದಾವ ಅಂದ್ರ, 2022ಕ್ಕ ನಾಸ್ಕಾರ್‌ದ ಮುಖ್ಯ ಕಪ್ ಸರಣಿಗೆ ಹೊಸ ನೆಕ್ಸ್ಟ್ ಜೆನ್ ಕಾರು ಬಂತು. ಎಲ್ಲಾರಿಗೂ ಓಲಿನ್ಸ್ ಒಂದ ಶಾಕ್, ಹಿಂದ ಇಂಡಿಪೆಂಡೆಂಟ್ ಸಸ್ಪೆನ್ಷನ್. ತಂಡಗಳ ಹತ್ರ ಇದ್ದ ಹಳೇ ದಾಸ್ತಾನಿಗೆ ಕೆಲಸ ಇಲ್ಲದಂಗ ಆತು.

ಆದ್ರ ಆ ಶಾಕ್ ಯಾವ ಕಾರಿನ್ಯಾಗ ಇದ್ವು ಅನ್ನೂದು ವಿಚಾರ ಮಾಡ್ರಿ. ನಿಮ್ಮ ಮಿಯಾಟಾದ ಒಂದೂವರಿ ಪಟ್ಟು ತೂಕ, ಹಿಂದ ಗಟ್ಟಿ ಆಕ್ಸಲ್, ಓವಲ್ ಟ್ರ್ಯಾಕ್ ಮ್ಯಾಲೆ ಎಡಕ್ಕ ಮಾತ್ರ ತಿರುಗೋ ಕಾರು. ಮೂಗು ಒಮ್ಮೆ ಕೆಳಗ ಹೋದ್ರ ಮ್ಯಾಲೆ ಏಳಬಾರದು ಅಂತ ರಿಬೌಂಡ್ ವಿಪರೀತ ಬಿಗಿ ಮಾಡಿರ್ತಾರ. ಎಡ ಬಲ ಬ್ಯಾರೆ ಬ್ಯಾರೆ ವಾಲ್ವಿಂಗ್ (ಎಣ್ಣಿ ಹರಿವು ತಡಿಯೋ ಒಳಗಿನ ಜೋಡಣಿ). ಅದನ್ನ ಹಂಗ ಹಾಕಿದ್ರ ನಿಮ್ಮ ಗಾಲಿ ತಗ್ಗಿನ್ಯಾಗ ಇಳಿಯೂದ ಇಲ್ಲ, ಗಾಳ್ಯಾಗ ತೇಲ್ತದ. ಉದ್ದಾನೂ ಜಾಸ್ತಿ, ಎರಡೂ ತುದಿಗೆ ಉಕ್ಕಿನ ಗೋಲಿ ಬೇರಿಂಗ್. ಮಿಯಾಟಾಕ್ಕ ಕೂಡಿಸಬೇಕಂದ್ರ ಶಾಫ್ಟ್ ಮತ್ತ ದೇಹ ಗಿಡ್ಡಂದು ತರಬೇಕು, ಕೆಳಗಿನ ಕಣ್ಣು ಬದಲಿಸಬೇಕು, ಮ್ಯಾಲಿನ ಮೌಂಟ್ ಕಡಸಬೇಕು, ವಾಲ್ವಿಂಗ್ ಪೂರ್ತಿ ಹೊಸದಾಗಿ ಮಾಡಬೇಕು. ಹಂಗ ಮಾಡಿ ಓಡಸೋ ಮಂದಿ ಇದ್ದಾರ, ಭಾಳ ಛಲೋನೂ ಓಡ್ತಾವ. ಖರ್ಚು ಕೂಡಿಸಿ ನೋಡಿದ್ರ ಹೊಸ ಕಾಯಿಲೋವರ್ ರೇಟಿಗೇ ಬಂದು ನಿಲ್ತದ.

ಆ ರಾಶಿಯೊಳಗ ನಿಮ್ಮ ಕೆಲಸಕ್ಕ ಬರೂದು ಏನಂದ್ರ 2.5 ಇಂಚಿನ ಸ್ಪ್ರಿಂಗ್. ದೊಡ್ಡ 5 ಇಂಚಿನ ಹಳೇ ಸ್ಪ್ರಿಂಗ್ ತೋರಿಸಿದ್ರ ಬಿಟ್ಟು ಮುಂದ ಹೋಗ್ರಿ. 450ರ ಜೋಡಿ ಸಿಕ್ಕಿದ್ರ ಸ್ಪ್ರಿಂಗ್ ರೇಟರ್ ಮ್ಯಾಲೆ ಹಾಕಿ ಅಳದು ತೋರಸ್ರಿ ಅಂತ ಕೇಳ್ರಿ, ಅಂಥಾ ಅಂಗಡ್ಯಾಗ ಅದು ಇದ್ದ ಇರ್ತದ.

---

ಸಿಲಿಕಾನ್_ಶಿವಮೊಗ್ಗ (ಸ್ಯಾನ್ ಹೊಸೆ)

ನನ್ನದು ಬೇರೆ ಅಭಿಪ್ರಾಯ, ಹೇಳೇ ಹೇಳ್ತೀನಿ. ಇಷ್ಟೆಲ್ಲ ಓಡಾಟ ಯಾಕೆ? ಹೊಸ ಕಾಯಿಲೋವರ್ ತಗೊಂಡ್ರೆ ವಾರಂಟಿ ಇರುತ್ತೆ, ಒಂದು ಶನಿವಾರದಲ್ಲಿ ಕೂರಿಸಿ ಭಾನುವಾರ ಓಡಿಸಬಹುದು. ಹಳೇ ರೇಸ್ ಭಾಗ ಅಂದ್ರೆ ಅದರ ಇತಿಹಾಸ ಯಾರಿಗೂ ಗೊತ್ತಿಲ್ಲ. ಯಾವ ಗೋಡೆಗೆ ಗುದ್ದಿತ್ತೋ, ಯಾರು ಬಿಚ್ಚಿದ್ರೋ. ನಾನು ಲಗುನಾ ಸೆಕಾ ಟ್ರ್ಯಾಕಿಗೆ ಹೋಗೋ ಕಾರಿಗೆ ಹೊಸದನ್ನೇ ಹಾಕಿಸಿದ್ದೀನಿ, ನೆಮ್ಮದಿಯಾಗಿದ್ದೀನಿ. ಸಂಸಾರಸ್ಥರು, ಪಕ್ಕದಲ್ಲಿ ಹೆಂಡತಿ ಕೂರ್ತಾರೆ ಅಂತ ಅವರೇ ಬರೆದಿದ್ದಾರೆ. ಆ ಮಾತನ್ನ ನಾವೆಲ್ಲ ಸ್ವಲ್ಪ ಗಂಭೀರವಾಗಿ ತಗೋಬೇಕು.

---

ನೆಕರ್_ತೀರ

ಶಿವಮೊಗ್ಗದವರ ಕಾಳಜಿ ಸರಿಯಾದದ್ದೇ. ಆದರೆ ಹೊಸದು ಎಂದ ಮಾತ್ರಕ್ಕೆ ಒಳ್ಳೆಯದು ಎಂದು ನಾನು ಒಪ್ಪುವುದಿಲ್ಲ. ಅಗ್ಗದ ಹೊಸ ಕಾಯಿಲೋವರ್‌ಗಳನ್ನು ಡೈನೋ (ಶಾಕ್ ಅಳೆಯುವ ಯಂತ್ರ) ಮೇಲೆ ಹಾಕಿದಾಗ ಎಡಗಡೆಯ ಮತ್ತು ಬಲಗಡೆಯ ಡ್ಯಾಂಪಿಂಗ್ ಹೊಂದದಿರುವುದು, ಹೊಂದಿಸುವ ಕ್ಲಿಕ್‌ಗಳಲ್ಲಿ ಅರ್ಧದಷ್ಟು ಏನೂ ಬದಲಿಸದಿರುವುದು ನನ್ನ ಕೆಲಸದಲ್ಲಿ ಕಂಡ ಸಂಗತಿ. ಸೀಲ್ ಬದಲಿಸಿ, ಗ್ಯಾಸ್ ತುಂಬಿ, ನಾಲ್ಕಕ್ಕೂ ಡೈನೋ ರೇಖೆ ತೆಗೆಸಿದ ಹಳೇ ಬಿಲ್‌ಸ್ಟೈನ್ ಬಗ್ಗೆ ಅವುಗಳಿಗಿಂತ ಹೆಚ್ಚು ಮಾಹಿತಿ ನಿಮ್ಮ ಕೈಯಲ್ಲಿರುತ್ತದೆ.

ಇತಿಹಾಸ ಗೊತ್ತಿಲ್ಲದ ಭಾಗದ ಅಪಾಯವನ್ನು ನಾನು ಬೇರೆ ಕಡೆ ನೋಡುತ್ತೇನೆ. ಇಲ್ಲಿ ಪೋರ್ಷೆ 911 ಇಟ್ಟುಕೊಂಡವರು ಅದರ ರೇಸ್ ರೂಪವಾದ ಕಪ್ ಕಾರಿನ ಭಾಗಗಳನ್ನು ಹುಡುಕಿಕೊಂಡು ಹೋಗುತ್ತಾರೆ. 996, 997 ತಲೆಮಾರಿನ 911 ಜಿಟಿ3ಯಲ್ಲಿ ಕೆಳಗಿನ ಆರ್ಮ್ ಎರಡು ತುಂಡು, ನಡುವೆ ಶಿಮ್ ಇಟ್ಟು ಕ್ಯಾಂಬರ್ (ಮುಂದಿನಿಂದ ನೋಡಿದಾಗ ಚಕ್ರ ವಾಲಿರುವ ಕೋನ) ಹೊಂದಿಸಬಹುದು. ರಬ್ಬರ್ ಬದಲು ಗೋಲಿ ಬೇರಿಂಗ್ ಇರುವ ರೇಸ್ ರೂಪವೂ ಇದೆ. ಅವೆಲ್ಲ ಅಲ್ಯೂಮಿನಿಯಂ. ಉಕ್ಕಿಗೆ ಒಂದು ಮಿತಿಯ ಕೆಳಗಿನ ಹೊರೆಯನ್ನು ಎಷ್ಟು ಸಲ ಕೊಟ್ಟರೂ ತಡೆದುಕೊಳ್ಳುವ ಗುಣವಿದೆ. ಅಲ್ಯೂಮಿನಿಯಂಗೆ ಅಂಥ ಮಿತಿಯೇ ಇಲ್ಲ, ಸಣ್ಣ ಹೊರೆಯೂ ಲಕ್ಷಾಂತರ ಸಲ ಬಿದ್ದರೆ ಒಂದು ದಿನ ಬಿರುಕು ಹುಟ್ಟುತ್ತದೆ. ರೇಸ್ ತಂಡಗಳು ಅಂಥ ಭಾಗಗಳಿಗೆ ಗಂಟೆಗಳ ಲೆಕ್ಕ ಇಟ್ಟು, ಅವಧಿ ಮುಗಿದಾಗ ತೆಗೆದುಹಾಕುತ್ತವೆ. ಮಾರಾಟಕ್ಕೆ ಬರುವುದು ಬಹುಪಾಲು ಅವೇ. ಗಂಟೆಗಳ ದಾಖಲೆ ಇಲ್ಲದ ಅಲ್ಯೂಮಿನಿಯಂ ಆರ್ಮ್, ಅಪ್‌ರೈಟ್, ಟೈ ರಾಡ್ ಯಾವುದನ್ನೂ ನಾನು ಕೊಳ್ಳುವುದಿಲ್ಲ. ಬಣ್ಣದ ದ್ರವ ಹಚ್ಚಿ ಬಿರುಕು ಪರೀಕ್ಷೆ ಮಾಡಿಸಿದರೂ ಇವತ್ತು ಬಿರುಕಿಲ್ಲ ಎಂದಷ್ಟೇ ತಿಳಿಯುತ್ತದೆ, ಇನ್ನೆಷ್ಟು ಆಯಸ್ಸಿದೆ ಎಂದು ತಿಳಿಯುವುದಿಲ್ಲ.

ಜರ್ಮನಿಯಲ್ಲಿ ಇನ್ನೊಂದು ಅಡ್ಡಿ ಇದೆ. ಪ್ರಮಾಣಪತ್ರವಿಲ್ಲದ ಸಸ್ಪೆನ್ಷನ್ ಭಾಗ ಹಾಕಿ ಟ್ಯೂಫ್ (ವಾಹನ ತಪಾಸಣಾ ಸಂಸ್ಥೆ) ಒಪ್ಪಿಗೆ ಪಡೆಯದಿದ್ದರೆ ಕಾರಿನ ರಸ್ತೆ ಪರವಾನಗಿಯೇ ರದ್ದಾಗುತ್ತದೆ. ಹಾಗಾಗಿ ಇಲ್ಲಿ ಇಂಥ ಕಾರುಗಳು ಟ್ರೇಲರ್ ಮೇಲೆ ನ್ಯೂರ್ಬುರ್ಗ್‌ರಿಂಗ್ ಟ್ರ್ಯಾಕ್ ತಲುಪುತ್ತವೆ.

---

ಆರ್‌ಪಿಎಂ_ಜಯನಗರ (ಬೆಂಗಳೂರು)

ಗುರುಗಳೇ, ಓದ್ತಾ ಓದ್ತಾ ನನಗೂ ಒಂದು ಪ್ರಶ್ನೆ ಹುಟ್ಟಿತು. ನಾನೊಂದು ಹ್ಯಾಚ್‌ಬ್ಯಾಕನ್ನ ಟ್ರ್ಯಾಕಿಗೆ ಅಂತ ಸಿದ್ಧ ಮಾಡ್ತಾ ಇದ್ದೀನಿ, ಕೊಯಮತ್ತೂರಿನ ಕರಿ ಸ್ಪೀಡ್‌ವೇನಲ್ಲಿ ಓಡಿಸೋ ಆಸೆ. ಒಬ್ಬರ ಹತ್ರ ರಾಲಿ ಕಾರಿಂದ ಬಿಚ್ಚಿದ ಡ್ಯಾಂಪರ್ ಸೆಟ್ ಇದೆ, ಮಣ್ಣು ರಸ್ತೆಗೆ ಮಾಡಿದ್ದು. ಅದನ್ನ ಹಾಕಬಹುದಾ? ಮಾಮೂಲಿ ದಿನ ಆಫೀಸಿಗೂ ಅದೇ ಕಾರಲ್ಲಿ ಹೋಗಬಹುದಾ?

---

ಕುಡ್ಲ_ಕಾರ್ನರ್ (ಮಂಗಳೂರು)

ಜಯನಗರದವರೇ, ಮಣ್ಣಿನ ರಾಲಿ ಡ್ಯಾಂಪರನ್ನು ಟ್ರ್ಯಾಕಿಗೆ ಹಾಕುದು ಬೇಡ ಮಾರಾಯ್ರೆ. ಚಿಕ್ಕಮಗಳೂರಿನ ಕಾಫಿ ತೋಟದ ರಸ್ತೆಯಲ್ಲಿ ಸರ್ವಿಸ್ ಮಾಡಿದವ ನಾನು, ಆ ಡ್ಯಾಂಪರ್ ಒಳಗೆ ಎಂತ ಉಂಟು ಅಂತ ನೋಡಿ ಗೊತ್ತುಂಟು. ಸ್ಟ್ರೋಕ್ ಉದ್ದ ಇರ್ತದೆ, ಕಾರು ಎತ್ತರ ನಿಲ್ಲಬೇಕು ಅಂತಲೇ ಮಾಡಿದ್ದು. ಕೆಳಗೆ ಇಳಿಸಿದ್ರೆ ಕಂಪ್ರೆಷನ್‌ಗೆ ಜಾಗವೇ ಉಳಿಯುದಿಲ್ಲ. ಕಲ್ಲು, ಗುಂಡಿ, ಹಾರಿ ಬೀಳುದು, ಇದಕ್ಕೆ ಅಂತ ವಾಲ್ವಿಂಗ್ ಮಾಡಿರ್ತಾರೆ. ನೀವು ಸ್ಟೀರಿಂಗ್ ತಿರುಗಿಸಿದಾಗ ಬಾಡಿ ವಾಲುದನ್ನು ಹಿಡಿಯುವ ನಿಧಾನ ವೇಗದ ಡ್ಯಾಂಪಿಂಗ್ ಅದರಲ್ಲಿ ಮೆತ್ತಗೆ. ಟಾರ್ ರಾಲಿಗೆ ಮಾಡಿದ ಸೆಟ್ ಸಿಕ್ಕಿದ್ರೆ ಬೇರೆ ಮಾತು.

ಹ್ಯಾಚ್‌ಬ್ಯಾಕ್ ಮುಂದೆ ಮ್ಯಾಕ್‌ಫರ್ಸನ್ ಸ್ಟ್ರಟ್ ಅಲ್ವಾ? ಅದರಲ್ಲಿ ಡ್ಯಾಂಪರೇ ಚಕ್ರವನ್ನು ಹಿಡಿದು ನಿಲ್ಲಿಸುವ ಕಂಬ. ಮಿಯಾಟಾದ ಹಾಗೆ ಎರಡು ವಿಶ್‌ಬೋನ್ ಇರುವಲ್ಲಿ ಶಾಕಿಗೆ ಪಕ್ಕದ ಹೊರೆ ಹೆಚ್ಚು ಬೀಳುದಿಲ್ಲ. ಸ್ಟ್ರಟ್‌ನಲ್ಲಿ ಪೂರ್ತಿ ಬೀಳ್ತದೆ. ಹಾಗಾಗಿ ಹಳೆ ಸ್ಟ್ರಟ್ ತಗೊಳ್ಳುವಾಗ ಒಳಗಿನ ಗೈಡ್ ಬುಷ್ ಸವೆದಿದೆಯಾ ಅಂತ ನೋಡಲೇಬೇಕು. ಶಾಫ್ಟನ್ನು ಪೂರ್ತಿ ಹೊರಗೆ ಎಳೆದು ಅಡ್ಡ ಅಲ್ಲಾಡಿಸಿ, ಆಟ ಸಿಕ್ಕಿದ್ರೆ ಬೇಡ.

ಆಫೀಸಿಗೆ ಹೋಗುದರ ಬಗ್ಗೆ: ಮೋಟಾರು ವಾಹನ ಕಾಯ್ದೆ 1988ರ 52ನೇ ಕಲಂ ಪ್ರಕಾರ ಕಂಪನಿ ಕೊಟ್ಟ ಮೂಲ ವಿವರಕ್ಕೆ ವಿರುದ್ಧ ಆಗುವ ಬದಲಾವಣೆ ಮಾಡುವ ಹಾಗಿಲ್ಲ. ಸುಪ್ರೀಂ ಕೋರ್ಟ್ 2019ರಲ್ಲಿ ಇದನ್ನು ಬಿಗಿಯಾಗಿಯೇ ಎತ್ತಿಹಿಡಿದಿದೆ. ಇನ್ಶೂರೆನ್ಸ್‌ನವರೂ ಅದನ್ನೇ ಹಿಡ್ಕೊಳ್ತಾರೆ. ಟ್ರ್ಯಾಕ್ ಕಾರನ್ನು ಟ್ರ್ಯಾಕಿಗೇ ಇಡಿ, ಟ್ರಕ್ಕಿನಲ್ಲಿ ಸಾಗಿಸಿ. ಆಫೀಸಿಗೆ ಬೇರೆ ಗಾಡಿ ಇರ್ಲಿ.

---

ಮೂರನೇ_ಗೇರ್

ಎಲ್ಲರ ಮಾತು ಕೇಳಿ ಹೋಗಿ ಮಾತಾಡಿ ಬಂದೆ. ಹಬ್ ಮತ್ತು ಕಂಟ್ರೋಲ್ ಆರ್ಮ್ ಬಿಟ್ಟು ಉಳಿದದ್ದನ್ನ ತಗೊಂಡೆ, ಬೆಲೆಯೂ ಇಳಿಸಿಕೊಟ್ಟರು. ಮಾರಿದವರು ತುಂಬಾ ಪ್ರಾಮಾಣಿಕರು. ಯಾವ ಶಾಕ್ ಯಾವ ಮೂಲೆಯಲ್ಲಿತ್ತು ಅಂತ ಟೇಪ್ ಮೇಲೆ ಬರೆದಿಟ್ಟಿದ್ದರು.

ಶಾಫ್ಟ್‌ಗಳು ನಾಲ್ಕೂ ನುಣುಪಾಗಿವೆ. ಒತ್ತಿ ಬಿಟ್ಟಾಗ ಮೂರು ಚೆನ್ನಾಗಿ ಹೊರಬಂದವು, ಮುಂದಿನ ಬಲದ್ದು ಅರ್ಧಕ್ಕೇ ನಿಂತಿತು. ಡೈನೋ ಮೇಲೂ ಅದೇ ಕಥೆ: ಮೂರರ ರೇಖೆ ಒಂದರ ಮೇಲೊಂದು ಕೂರ್ತವೆ, ನಾಲ್ಕನೆಯದರಲ್ಲಿ ರಿಬೌಂಡ್ ಸುಮಾರು ಐದನೇ ಒಂದು ಭಾಗ ಕಡಿಮೆ, ದಿಕ್ಕು ಬದಲಾಗೋ ಕಡೆ ರೇಖೆ ಹಳ್ಳ ಬೀಳುತ್ತೆ. ಗ್ಯಾಸ್ ಹೋಗಿ ಎಣ್ಣೆಯಲ್ಲಿ ಗುಳ್ಳೆ ಏಳ್ತಾ ಇದೆ ಅಂದ್ರು. ನಾಲ್ಕಕ್ಕೂ ಸೀಲ್, ಎಣ್ಣೆ, ಗ್ಯಾಸ್ ಹೊಸದು ಹಾಕಿಸಿ, ಮುಂದಿನ ಎರಡಕ್ಕೆ ವಾಲ್ವಿಂಗ್ ಬದಲಿಸೋಕೆ ಕೊಟ್ಟಿದ್ದೀನಿ. ಮೂರೆಸ್‌ವಿಲ್‌ನಲ್ಲಿ 450ರ ಹೈಪರ್ಕೊ ಜೋಡಿ ಸಿಕ್ಕಿತು. ಅವರೇ ಅಳೆದು ತೋರಿಸಿದರು, ಎರಡೂ ಸರಿಯಾಗಿವೆ.

ಈಗ ಕೂರಿಸೋ ಹಂತ. ಗಮನ ಕೊಡಬೇಕಾದ್ದು ಹೇಳಿ.

---

ಧಾರವಾಡ_ಡಿಫ್

ಮೊದಲ ಬುಷ್. ಮೂವತ್ತು ವರ್ಷದ ರಬ್ಬರ್ ಮ್ಯಾಲೆ ಎಂಥಾ ಶಾಕ್ ಕೂಡಿಸಿದ್ರೂ ಉಪಯೋಗಿಲ್ಲ. ಎಲ್ಲಾ ಬುಷ್, ಬಾಲ್ ಜಾಯಿಂಟ್ ನೋಡ್ರಿ. ಅಲೈನ್‌ಮೆಂಟ್ ಮಾಡೋ ಎಕ್ಸೆಂಟ್ರಿಕ್ ಬೋಲ್ಟ್ ತುಕ್ಕು ಹಿಡದು ಬುಷ್ ಒಳಗಿನ ಕೊಳವಿಗೆ ಅಂಟಿರ್ತಾವ, ಒಂದೆರಡು ದಿನ ಮೊದಲ ಎಣ್ಣಿ ಹಚ್ಚಿ ಬಿಡ್ರಿ. ಬರಲಿಲ್ಲಂದ್ರ ಕತ್ತರಿಸಿ ಹೊಸಾವು ಹಾಕಬೇಕಾಗ್ತದ.

ರಬ್ಬರ್ ಬುಷ್ ಹಾಕಿದ್ರ ಒಂದ ಮಾತು ಮರೀಬ್ಯಾಡ್ರಿ: ಆರ್ಮ್ ಬೋಲ್ಟ್‌ನ ಕಡೀ ಬಿಗಿ ಕಾರು ತನ್ನ ನಾಲ್ಕು ಗಾಲಿ ಮ್ಯಾಲೆ ನಿಂತಾಗ ಕೊಡಬೇಕು. ಜ್ಯಾಕ್ ಮ್ಯಾಲೆ ತೂಗಾಡುವಾಗ ಬಿಗಿ ಮಾಡಿದ್ರ, ಇಳಿಸಿದ ಮ್ಯಾಲೆ ರಬ್ಬರ್ ತಿರುಚಿಕೊಂಡ ನಿಂತಿರ್ತದ. ಲಗೂನ ಹರೀತದ, ಎತ್ತರಾನೂ ತಪ್ಪು ತೋರಸ್ತದ.

ಎನ್‌ಬಿ ಟಾಪ್ ಮೌಂಟ್ ಸಿಕ್ಕಿದ್ದು ಭಾಳ ಛಲೋ ಆತು. ಎನ್‌ಎದ ಹಳೇ ಮೌಂಟಿಗಿಂತ ಅದರಾಗ ಶಾಕಿಗೆ ಮ್ಯಾಲೆ ಏರಾಕ ಹೆಚ್ಚಿಗಿ ಜಾಗ ಸಿಗ್ತದ. ಮಿಯಾಟಾದಾಗ ಎಲ್ಲಾಕ್ಕಿಂತ ಕೊರತಿ ಇರೂದ ಆ ಜಾಗಕ್ಕ.

---

ನೆಕರ್_ತೀರ

ಆ ಜಾಗವನ್ನು ಅಳೆದುಕೊಳ್ಳಿ. ಸ್ಪ್ರಿಂಗ್ ಇಲ್ಲದೆ ಶಾಕ್ ಮಾತ್ರ ಕಟ್ಟಿ, ಜಾಕಿನಿಂದ ಚಕ್ರವನ್ನು ಕೆಳಗಿನಿಂದ ಮೇಲಿನ ತನಕ ಏರಿಸಿ ನೋಡಿ: ಎಲ್ಲಿ ಟೈರ್ ತಾಗುತ್ತದೆ, ಎಲ್ಲಿ ಬಂಪ್ ಸ್ಟಾಪ್ ತಾಗುತ್ತದೆ. ಆಮೇಲೆ ಶಾಫ್ಟಿಗೆ ಒಂದು ಜಿಪ್ ಟೈ ಕಟ್ಟಿ ರಸ್ತೆಯಲ್ಲಿ ಓಡಿಸಿ ಬನ್ನಿ. ಅದು ಎಲ್ಲಿಗೆ ಸರಿದಿದೆ ಎಂದು ನೋಡಿದರೆ ಎಷ್ಟು ಪ್ರಯಾಣ ಬಳಕೆಯಾಯಿತೆಂದು ತಿಳಿಯುತ್ತದೆ. ಪ್ರತಿ ಉಬ್ಬಿಗೂ ಬಂಪ್ ಸ್ಟಾಪ್ ತಲುಪುತ್ತಿದ್ದರೆ ಕಾರನ್ನು ಎತ್ತರಿಸಿ. ಅಂದಕ್ಕಾಗಿ ಇನ್ನಷ್ಟು ಇಳಿಸಬೇಡಿ. ವಿಶ್‌ಬೋನ್‌ಗಳ ಕೋನವೂ ಕೆಟ್ಟು, ಕಾರು ಇಳಿದಷ್ಟೂ ತಿರುವಿನಲ್ಲಿ ಹೆಚ್ಚು ವಾಲುವ ಸ್ಥಿತಿ ಬರುತ್ತದೆ.

ಕಾಲರ್ ಇರುವುದರಿಂದ ನಾಲ್ಕು ಮೂಲೆಯ ತೂಕ ಹೊಂದಿಸುವ ಅವಕಾಶ ನಿಮಗಿದೆ. ಟೈರ್ ಗಾಳಿ ಸರಿ ಮಾಡಿ, ಅರ್ಧ ಟ್ಯಾಂಕ್ ಪೆಟ್ರೋಲ್ ಇರಲಿ, ಚಾಲಕನ ಸೀಟಿನಲ್ಲಿ ನಿಮ್ಮಷ್ಟೇ ಭಾರ ಇಡಿ, ಸ್ವೇ ಬಾರ್ ಲಿಂಕ್ ಬಿಚ್ಚಿಡಿ. ಮುಂದಿನ ಬಲ ಮತ್ತು ಹಿಂದಿನ ಎಡದ ತೂಕ ಕೂಡಿಸಿದರೆ ಒಟ್ಟಿನ 50 ಪ್ರತಿಶತ ಬರಬೇಕು. ಒಂದು ಮೂಲೆಯ ಕಾಲರ್ ಏರಿಸಿದರೆ ಅದರ ಕರ್ಣದ ಮೂಲೆಗೂ ತೂಕ ಏರುತ್ತದೆ, ಆದ್ದರಿಂದ ನಾಲ್ಕನ್ನೂ ಸ್ವಲ್ಪ ಸ್ವಲ್ಪವೇ ತಿರುಗಿಸಿ. ಮುಗಿದ ಮೇಲೆ ಲಿಂಕನ್ನು ಎಳೆತವಿಲ್ಲದಂತೆ ಕಟ್ಟಿ. ಅಲೈನ್‌ಮೆಂಟ್ ಇದೆಲ್ಲದರ ನಂತರ. ಮೊದಲೇ ಮಾಡಿಸಿದರೆ ಎತ್ತರ ಬದಲಾಗಿ ಅದೂ ಕೆಡುತ್ತದೆ.

ನಿಮ್ಮ ಬಳಕೆಗೆ ಮುಂದೆ ಮೈನಸ್ 2 ಡಿಗ್ರಿ ಕ್ಯಾಂಬರ್, ಹಿಂದೆ ಮೈನಸ್ 1.8, ಮುಂದೆ ಟೋ (ಮೇಲಿನಿಂದ ನೋಡಿದಾಗ ಚಕ್ರ ಒಳಗೆ ಅಥವಾ ಹೊರಗೆ ತಿರುಗಿರುವ ಕೋನ) ಸೊನ್ನೆ, ಹಿಂದೆ ಒಂದು ಚೂರು ಒಳಮುಖ ಸಾಕು. ರೇಸ್‌ನವರ ಕ್ಯಾಂಬರ್ ಇನ್ನೂ ಹೆಚ್ಚು, ಅದನ್ನು ನಕಲು ಮಾಡಿದರೆ ಹೆದ್ದಾರಿಯಲ್ಲಿ ಟೈರಿನ ಒಳಅಂಚು ಸವೆದುಹೋಗುತ್ತದೆ.

---

ಮೂರನೇ_ಗೇರ್

ಕೆಲಸ ಮುಗೀತು. ಕರ್ಣದ ತೂಕ 50.2ಕ್ಕೆ ನಿಂತಿದೆ. ಕಾಂಕ್ರೀಟ್ ಜೋಡಣೆಗಳ ಮೇಲೆ ಕಾರು ಒಂದೇ ಸಲ ಎದ್ದು ಕೂರುತ್ತೆ, ಎರಡನೇ ಕುಣಿತ ಇಲ್ಲವೇ ಇಲ್ಲ. ಹೆಂಡತಿ ಬೆಟ್ಟದ ರಸ್ತೆಯಲ್ಲಿ ಪೂರ್ತಿ ದೂರ ಬಂದಳು, ಹಳೇದಕ್ಕಿಂತ ಇದೇ ವಾಸಿ ಅಂದಳು. ವಿಐಆರ್‌ನಲ್ಲಿ ಹತ್ತುವ ಎಸ್ ತಿರುವುಗಳಲ್ಲಿ ಹಿಂಭಾಗ ಸ್ವಲ್ಪ ಚುರುಕು ಅನ್ನಿಸಿತು. ಹಿಂದಿನ ಬಾರ್ ಬಿಚ್ಚಿಟ್ಟು ಓಡಿಸಿದೆ, ಆಗ ಸರಿಹೋಯ್ತು. ಸದ್ಯಕ್ಕೆ ಬಾರ್ ಇಲ್ಲದೇ ಇದೆ.

ಸೀಲ್, ವಾಲ್ವಿಂಗ್, ಸ್ಪ್ರಿಂಗ್, ಬುಷ್, ಎರಡು ಹೊಸ ಹಬ್, ಎಲ್ಲ ಸೇರಿಸಿದ್ರೆ ಶಿವಮೊಗ್ಗದವರು ಹೇಳಿದ ಮಧ್ಯಮ ಬೆಲೆಯ ಹೊಸ ಕಾಯಿಲೋವರ್‌ಗಿಂತ ಸ್ವಲ್ಪ ಜಾಸ್ತಿಯೇ ಆಯ್ತು. ಆದ್ರೆ ಆ ಸೆಟ್ ತಗೊಂಡಿದ್ರೂ ಬುಷ್ ಮತ್ತು ಹಬ್‌ಗೆ ದುಡ್ಡು ಹೋಗೋದು ಹೋಗ್ತಿತ್ತು, ಅದನ್ನ ಲೆಕ್ಕದಲ್ಲಿ ಇಟ್ಕೊಳ್ಳಿ.

700ರ ಐಬಾಕ್ ಜೋಡಿ ಈಗ ನನಗೆ ಬೇಡ. ಅಮೆರಿಕದಲ್ಲಿ ಯಾರಾದ್ರೂ ಸ್ಪೆಕ್ ಮಿಯಾಟಾ ಓಡಿಸೋ ಕನ್ನಡದವರಿದ್ರೆ ಹೇಳಿ, ಅಂಚೆ ಖರ್ಚು ಮಾತ್ರ ಕೊಟ್ಟರೆ ಕಳಿಸ್ತೀನಿ.

---

ಸಿಲಿಕಾನ್_ಶಿವಮೊಗ್ಗ

ಡೈನೋ ರೇಖೆ ಇಟ್ಟುಕೊಂಡು ಮಾಡಿದ್ದೀರಿ ಅಂದ ಮೇಲೆ ನನಗೂ ಸಮಾಧಾನ. ಸ್ಪ್ರಿಂಗ್ ಜೋಡಿ ನನಗೆ ಬೇಕು. ನನ್ನ ಸ್ನೇಹಿತರೊಬ್ಬರು ಎನ್‌ಬಿಯನ್ನ ಸ್ಪೆಕ್ ಮಿಯಾಟಾಗೆ ಸಿದ್ಧ ಮಾಡ್ತಾ ಇದ್ದಾರೆ. ಉದ್ದ 7 ಇಂಚೇ ತಾನೆ? ಬಣ್ಣ ಎಲ್ಲೂ ಕಿತ್ತಿಲ್ವಾ? ಒಂದು ಫೋಟೋ ಹಾಕಿ.